ಎಲೆ ಕೆಂಪಾಗುವ ಕಾಲಕ್ಕೆ ಕಬಿನಿ ಕಡೆ

ಅಕ್ಟೋಬರ್‌ನಲ್ಲಿ ಬೀಚನಹಳ್ಳಿಗೆ ಹೋದರೆ ಕಾಣುವುದು ಬರೀ ಹಸಿರು. ಅಮೆರಿಕದಲ್ಲಿರುವ ಮಗಳೋ ಅಳಿಯನೋ ಕೆಂಪು ಮೇಪಲ್ ಮರದ ಕೆಳಗೆ ನಿಂತ ಫೋಟೊಗಳನ್ನು ವಾಟ್ಸ್‌ಆ್ಯಪ್‌ಗೆ ಸುರಿಯುವ ತಿಂಗಳು ಅದು. ಆಗ ನಮ್ಮಲ್ಲಿ ಹಿಂಗಾರು ಮಳೆ ಮುಗಿದಿರುವುದಿಲ್ಲ, ಕಬಿನಿ ತುಂಬಿರುತ್ತದೆ, ಕಾಡಿನೊಳಗೆ ಹತ್ತು ಮಾರು ದೂರದ ಆನೆಯೂ ಕಾಣದಷ್ಟು ಸೊಪ್ಪು ಕಿಕ್ಕಿರಿದಿರುತ್ತದೆ. ಬಣ್ಣ ನೋಡಬೇಕೆನ್ನುವವರು ಸಂಕ್ರಾಂತಿ ಕಳೆಯುವವರೆಗೆ ಕಾಯಬೇಕು. ಜನವರಿ ಕೊನೆಯಿಂದ ಶಿವರಾತ್ರಿವರೆಗೆ ಹಣ್ಣೆಲೆಯ ಕಾಲ, ಶಿವರಾತ್ರಿಯಿಂದ ಯುಗಾದಿವರೆಗೆ ಮುತ್ತುಗ ಮತ್ತು ಕೆಂಪು ಚಿಗುರಿನ ಕಾಲ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ತಾಲ್ಲೂಕುಗಳಲ್ಲಿ ಇದನ್ನು ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ ನೋಡಬೇಕು ಎನ್ನುವುದೇ ಈ ಬರಹ. ಮೊದಲೇ ಹೇಳಿಬಿಡುತ್ತೇನೆ: ಇದಕ್ಕೆ ರೆಸಾರ್ಟ್ ಬೇಡ, ಸಫಾರಿಯೂ ಬೇಕೇಬೇಕೆಂದಿಲ್ಲ. ಮೈಸೂರಿನಿಂದ ಹೊರಡುವ ಬಸ್ಸಿನ ಕಿಟಕಿ ಪಕ್ಕದ ಸೀಟು ಸಿಕ್ಕರೆ ಅರ್ಧ ಕೆಲಸ ಆದಂತೆ.

ಶೀತದೇಶದ ಮರಗಳು ಹಗಲು ಕುಗ್ಗಿ ಚಳಿ ಏರುತ್ತಿದ್ದಂತೆ ಎಲೆ ಕಳಚುತ್ತವೆ. ನಮ್ಮ ಎಲೆ ಉದುರುವ ಕಾಡಿಗೆ ಚಳಿಗಿಂತ ನೀರಿನ ಲೆಕ್ಕ ಮುಖ್ಯ. ನವೆಂಬರ್ ಕಳೆದ ಮೇಲೆ ಮಳೆ ನಿಲ್ಲುತ್ತದೆ, ನೆಲದ ತೇವ ದಿನದಿನಕ್ಕೆ ಕೆಳಗಿಳಿಯುತ್ತದೆ. ಎಲೆ ಇದ್ದಷ್ಟೂ ನೀರು ಆವಿಯಾಗಿ ಹೋಗುವುದರಿಂದ ಮರ ಎಲೆಯೊಳಗಿನ ಸಾರಜನಕ, ರಂಜಕಗಳನ್ನು ಕೊಂಬೆಗೆ ಹಿಂದಕ್ಕೆಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ ಬಾಗಿಲು ಹಾಕಿಬಿಡುತ್ತದೆ. ಹಸಿರು ಬಣ್ಣ ಕರಗಿದಾಗ ಅದರಡಿ ಮೊದಲಿಂದಲೂ ಇದ್ದ ಹಳದಿ ಮೇಲೆ ಬರುತ್ತದೆ. ಕೆಂಪು ಹಾಗಲ್ಲ, ಅದನ್ನು ಕೆಲವು ಜಾತಿಯ ಮರಗಳು ಹೊಸದಾಗಿ ತಯಾರಿಸುತ್ತವೆ. ಹಾಗಾಗಿಯೇ ಒಂದೇ ಗುಡ್ಡದ ಮೇಲೆ ತೇಗ ತುಕ್ಕಿನ ಬಣ್ಣಕ್ಕೆ ತಿರುಗಿರುವಾಗ ದಿಂಡಿಗ ತಾಮ್ರದಂತೆ ಹೊಳೆಯುತ್ತಿರುತ್ತದೆ, ಪಕ್ಕದ ಹೊಂಗೆ ಏನೂ ಆಗದ ಹಾಗೆ ಹಸಿರಾಗಿ ನಿಂತಿರುತ್ತದೆ.

ಇಡೀ ಬೆಟ್ಟವೇ ಒಂದೇ ವಾರದಲ್ಲಿ ಕೆಂಪಾಗುವ ದೃಶ್ಯ ಇಲ್ಲಿ ಸಿಗುವುದಿಲ್ಲ. ನಮ್ಮ ಕಾಡಿನಲ್ಲಿ ಜಾತಿ ಹೆಚ್ಚು, ಒಂದೊಂದು ಮರದ್ದೂ ಒಂದೊಂದು ಪಂಚಾಂಗ. ಮಳೆ ತಡವಾಗಿ ನಿಂತ ವರ್ಷ ಎಲ್ಲವೂ ಎರಡು ಮೂರು ವಾರ ಮುಂದಕ್ಕೆ ಹೋಗುತ್ತದೆ. ಹೋಗುವ ಮುಂಚೆ ಕೋಟೆ ಕಡೆಯ ಪರಿಚಯದವರಿಗೊಂದು ಫೋನ್ ಮಾಡಿ "ತೇಗದ ಎಲೆ ಬಿತ್ತಾ?" ಅಂತ ಕೇಳುವುದು ಯಾವ ಆ್ಯಪ್‌ಗಿಂತಲೂ ಮೇಲು.

ಶುರು ಮಾಡಬೇಕಾದ್ದು ಬೀಚನಹಳ್ಳಿಯಿಂದಲೇ. ಮೈಸೂರಿನಿಂದ ಮಾನಂದವಾಡಿ ರಸ್ತೆಯಲ್ಲಿ ಸುಮಾರು 50 ಕಿ.ಮೀ. ಬಂದರೆ ಎಚ್.ಡಿ. ಕೋಟೆ, ಬೀಚನಹಳ್ಳಿ ಅಲ್ಲಿಂದ ಮತ್ತೆ ಸ್ವಲ್ಪ ದೂರ. ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ಕಬಿನಿಗೆ ಅಡ್ಡ ಕಟ್ಟಿದ ಅಣೆಕಟ್ಟೆ 1974ರಲ್ಲಿ ಮುಗಿಯಿತು. ಪೂರ್ಣ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ. ವಯನಾಡಿನಲ್ಲಿ ಮಳೆ ಜೋರಾದರೆ ಟಿ.ವಿ.ಯಲ್ಲಿ ಇದರ ಗೇಟುಗಳೇ ಕಾಣುವುದರಿಂದ ಬಹುತೇಕ ಜನ ಜುಲೈ, ಆಗಸ್ಟ್‌ನಲ್ಲಿ ನೊರೆ ನೋಡಲು ಬರುತ್ತಾರೆ. ಫೆಬ್ರುವರಿಯಲ್ಲಿ ಇಲ್ಲಿ ಜನ ಇರುವುದಿಲ್ಲ. ಹಿನ್ನೀರು ಪಶ್ಚಿಮಕ್ಕೆ ಚಾಚಿದೆ, ಅದರಾಚೆ ನಾಗರಹೊಳೆ, ಬಂಡೀಪುರದ ಕಾಡು. ಬೆಳಿಗ್ಗೆ ಎಂಟರ ಸುಮಾರಿಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಎದುರಿನ ಅಂಚಿನ ಮರಗಳ ಮೇಲೆ ನೇರ ಬೆಳಕು ಬೀಳುತ್ತದೆ. ಬೈನಾಕ್ಯುಲರ್ ಇದ್ದರೆ ತಪ್ಪದೆ ತನ್ನಿ. ಕಟ್ಟೆಯ ಮೇಲಕ್ಕೆ ಬಿಡುವುದು ಬಿಡದಿರುವುದು ಕಾವಲಿನವರಿಗೆ ಸೇರಿದ್ದು. ಬೇಡ ಎಂದರೆ ವಾದಕ್ಕೆ ಇಳಿಯದೆ ಸುತ್ತಲಿನ ಊರುಗಳ ದಾರಿ ಹಿಡಿಯಿರಿ. ನೀರು ಅಲ್ಲಿಂದಲೂ ಕಾಣುತ್ತದೆ.

ಈ ನೀರಿನಡಿ ಕಾಕನಕೋಟೆ ಕಾಡಿನ ಒಂದು ಭಾಗವೇ ಇದೆ. ಮಹಾರಾಜರ ಕಾಲದ ಖೆಡ್ಡಾ ನಡೆಯುತ್ತಿದ್ದುದು ಈ ಕಾಡಿನಲ್ಲಿ. ಆನೆಗಳನ್ನು ಹೊಳೆಗಿಳಿಸಿ ಹಿಡಿಯುವ ಆ ಕೆಲಸ ಕೊನೆಯ ಸಲ ನಡೆದದ್ದು 1971ರಲ್ಲಿ. ಮಾಸ್ತಿಯವರ ನಾಟಕದಿಂದ ಕಾಕನಕೋಟೆಯ ಹೆಸರು ಕೇಳಿದವರಿಗೆ ಜಾಗ ಇದೇ. ಕಾಡಿನ ಜತೆ ಜೇನುಕುರುಬರ, ಬೆಟ್ಟಕುರುಬರ ಎಷ್ಟೋ ಹಾಡಿಗಳೂ ಎತ್ತಂಗಡಿಯಾದವು. ಬೇಸಿಗೆಯಲ್ಲಿ ನೀರಿಳಿದಾಗ ಒಣಗಿದ ಬೊಡ್ಡೆಗಳು ಸಾಲಾಗಿ ಮೇಲೇಳುತ್ತವೆ. ಫೋಟೊಗ್ರಾಫರ್‌ಗಳಿಗೆ ಅದು ಚೆಂದದ ಹಿನ್ನೆಲೆ, ಹಾಡಿಯವರಿಗೆ ಅದು ಹಳೆಯ ಊರಿನ ಗುರುತು. ಹಿನ್ನೀರು ಇಳಿದ ಜಾಗದಲ್ಲಿ ಹೊಸ ಹುಲ್ಲು ಬರುತ್ತದೆ, ಅದಕ್ಕಾಗಿ ಮಾರ್ಚ್‌ನಿಂದ ಮೇವರೆಗೆ ಆನೆಗಳ ಹಿಂಡು ಹಿಂಡೇ ಇಲ್ಲಿಗಿಳಿಯುತ್ತದೆ. ಹಿಂದೆ ಬೋಳು ಮರ, ಅಲ್ಲಲ್ಲಿ ಮುತ್ತುಗದ ಕಿತ್ತಳೆ, ಮುಂದೆ ಹಸಿರು ಪಟ್ಟಿ. ಬಣ್ಣದ ಇಂಥ ಜೋಡಣೆ ಮಳೆಗಾಲದಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದು.

ಹಿನ್ನೀರಿನ ದಂಡೆಗೆ ಹತ್ತಿರ ಹೋಗಬೇಕೆನ್ನುವವರಿಗೆ ಭೀಮನಕೊಲ್ಲಿ ಒಳ್ಳೆಯ ಜಾಗ. ಮಹದೇಶ್ವರನ ಗುಡಿ ನೀರಿನ ಅಂಚಿನಲ್ಲೇ ಇದೆ. ಭಕ್ತರು ಓಡಾಡುವ ಜಾಗವಾದ್ದರಿಂದ ಹಗಲು ಹೊತ್ತು ಕೂತು ನೋಡಲು ಯಾರ ಅಪ್ಪಣೆಯೂ ಬೇಡ. ಶಿವರಾತ್ರಿ ಜಾತ್ರೆಯ ದಿನಗಳಲ್ಲಿ ಮಾತ್ರ ಎಲೆ ನೋಡುವ ಆಸೆ ಬಿಟ್ಟು ಜಾತ್ರೆ ನೋಡಿ. ಎತ್ತರದಿಂದ ಒಂದೇ ನೋಟಕ್ಕೆ ಎಲ್ಲವೂ ಬೇಕೆಂದರೆ ಸರಗೂರು ಬಳಿಯ ಚಿಕ್ಕದೇವಮ್ಮನ ಬೆಟ್ಟ ಹತ್ತಬೇಕು. ಮೇಲಿನಿಂದ ಹೊಲ, ಕೆರೆ, ಅದರಾಚೆ ಕಾಡಿನ ಅಂಚು ಎಲ್ಲವೂ ಪದರ ಪದರವಾಗಿ ಬಿಚ್ಚಿಕೊಳ್ಳುತ್ತವೆ. ಫೆಬ್ರುವರಿಯ ಮಧ್ಯಾಹ್ನ ಬಿಸಿಲಿನ ಮಂಜು ಕವಿಯುವುದರಿಂದ ಒಂಬತ್ತರೊಳಗೆ ಮೇಲಿದ್ದರೆ ಒಳ್ಳೆಯದು. ದೇವಿಯ ಒಕ್ಕಲಿನವರು ಹೆಚ್ಚು ಬರುವ ಮಂಗಳವಾರ, ಶುಕ್ರವಾರ ಬಿಟ್ಟು ಬೇರೆ ದಿನ ಹೋದರೆ ಗದ್ದಲ ಕಡಿಮೆ.

ಇನ್ನು ಆ ಬಸ್ಸಿನ ವಿಷಯ. ಎಚ್.ಡಿ. ಕೋಟೆ ಬಳಿಯ ಹ್ಯಾಂಡ್‌ಪೋಸ್ಟ್, ಅಂತರಸಂತೆ ಹಾದು, ದಮ್ಮನಕಟ್ಟೆ ಗೇಟಿನಿಂದ ಬಾವಲಿವರೆಗೆ ಹೋಗುವ ಮಾನಂದವಾಡಿ ರಸ್ತೆಯೇ ನನ್ನ ಪ್ರಕಾರ ಮೈಸೂರು ಜಿಲ್ಲೆಯಲ್ಲಿ ಎಲೆ ನೋಡಲು ಅತ್ಯುತ್ತಮ ದಾರಿ. ನಾಗರಹೊಳೆಯ ದಕ್ಷಿಣ ಭಾಗವನ್ನು ಸೀಳಿಕೊಂಡು ಹೋಗುವ ಈ ರಸ್ತೆಯಲ್ಲಿ ಕರ್ನಾಟಕದ ಬಸ್ಸೂ ಓಡುತ್ತದೆ, ಕೇರಳದ ಬಸ್ಸೂ ಓಡುತ್ತದೆ. ಕಾರಿಗಿಂತ ಬಸ್ಸೇ ವಾಸಿ ಎನ್ನಲು ಕಾರಣವಿದೆ. ಕಾಡಿನೊಳಗೆ ವಾಹನ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಕಾರು ಓಡಿಸುವವನ ಕಣ್ಣು ರಸ್ತೆಯ ಉಬ್ಬುಗಳ ಮೇಲೆಯೇ ಇರಬೇಕು. ಬಸ್ಸಿನ ಸೀಟು ಎತ್ತರ, ಪೊದೆಗಳ ತಲೆ ಮೇಲಿಂದ ಒಳಗಿನ ಮರಗಳವರೆಗೂ ನೋಟ ಹೋಗುತ್ತದೆ.

ದಾರಿಯಲ್ಲಿ ಮೊದಲು ಸಿಗುವುದು ತೇಗ. ಸಾಲಾಗಿ ನೆಟ್ಟ ನೆಡುತೋಪುಗಳಿವೆ, ತಾನಾಗಿ ಬೆಳೆದದ್ದೂ ಇದೆ. ಮೊರದಗಲದ ಎಲೆ ಒಣಗಿ ಕಂದಾಗಿ ಕೆಳಗೆ ಬೀಳುವಾಗ ಬಸ್ಸಿನೊಳಗೂ ಸದ್ದು ಕೇಳುತ್ತದೆ. ತೇಗಕ್ಕಿಂತ ಗಮನ ಕೊಡಬೇಕಾದ್ದು ಮತ್ತಿ ಮರಕ್ಕೆ: ಮೊಸಳೆ ಬೆನ್ನಿನಂಥ ಸೀಳು ಸೀಳು ತೊಗಟೆ, ಎಲೆ ಹಳದಿಯಿಂದ ಇಟ್ಟಿಗೆ ಬಣ್ಣಕ್ಕೆ ತಿರುಗಿ ತಡವಾಗಿ ಉದುರುತ್ತದೆ. ದಿಂಡಿಗದ ಎಲೆ ಚಿಕ್ಕದು, ಬಿಸಿಲಿಗೆ ಎದುರಾಗಿ ನೋಡಿದರೆ ಇಡೀ ಮರ ಕೆಂಡದಂತೆ ಕಾಣುತ್ತದೆ. ಹಿಂಬೆಳಕಿನಲ್ಲಿ ಎಲೆಯ ಬಣ್ಣ ಎರಡು ಪಟ್ಟು ಹೆಚ್ಚುವುದರಿಂದ ಮಧ್ಯಾಹ್ನ ಮೂರರ ಮೇಲೆ ಬಾವಲಿ ಕಡೆಗೆ ಹೋಗುವಾಗ ಸೂರ್ಯ ಎದುರಿರುವ ಕಿಟಕಿಯನ್ನೇ ಆರಿಸಿಕೊಳ್ಳಿ. ಉಳಿದವರೆಲ್ಲ ನೆರಳಿನ ಬದಿ ಹುಡುಕುವುದರಿಂದ ಸೀಟಿಗೆ ಪೈಪೋಟಿಯೂ ಇರುವುದಿಲ್ಲ.

ಇದೇ ರಸ್ತೆಯಲ್ಲಿ ಬಳ್ಳೆ ಆನೆ ಶಿಬಿರ ಬರುತ್ತದೆ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ ಅರ್ಜುನ ಇದ್ದದ್ದು ಇಲ್ಲೇ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಯಸಳೂರು ಬಳಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಅವನು ಸತ್ತ ಮೇಲೆ ಬಸ್ಸಿನಲ್ಲಿ ಈ ತಿರುವು ಬಂದಾಗ ಯಾರಾದರೊಬ್ಬರು ಅವನ ಮಾತು ತೆಗೆಯದೆ ಇರುವುದಿಲ್ಲ.

ಹುಣಸೂರಿನ ಕಡೆಯಿಂದ ಕಾಡಿಗೆ ಎರಡು ದಾರಿಗಳಿವೆ. ಒಂದು ವೀರನಹೊಸಹಳ್ಳಿ ಗೇಟಿನ ಮೂಲಕ ನಾಗರಹೊಳೆ, ಕುಟ್ಟಕ್ಕೆ ಹೋಗುವುದು. ದಸರೆಗೆ ಗಜಪಯಣ ಹೊರಡುವ ವೀರನಹೊಸಹಳ್ಳಿಯೇ ಇದು. ಗೇಟಿನಲ್ಲಿ ಹೆಸರು, ಹೊತ್ತು ಬರೆಸಿ ಒಳಹೋಗಬೇಕು, ಎಲ್ಲೂ ನಿಲ್ಲದೆ ಆಚೆ ಗೇಟಿಗೆ ತಲುಪಬೇಕು. ಇನ್ನೊಂದು ಪಂಚವಳ್ಳಿ, ಆನೆಚೌಕೂರು, ಮತ್ತಿಗೋಡು, ತಿತಿಮತಿ ಮೇಲೆ ಗೋಣಿಕೊಪ್ಪಕ್ಕೆ ಹೋಗುವ ಹೆದ್ದಾರಿ. ಕೋಟೆ ಕಡೆಗೆ ಹೋಲಿಸಿದರೆ ಇಲ್ಲಿ ಮಳೆ ಜಾಸ್ತಿ, ಮರ ಎತ್ತರ, ಎಲೆ ಉದುರುವುದು ಒಂದೆರಡು ವಾರ ನಿಧಾನ. ಹಾಗಾಗಿ ಫೆಬ್ರುವರಿ ಮೊದಲಲ್ಲಿ ಕಬಿನಿ, ಮೂರನೇ ವಾರ ಆನೆಚೌಕೂರು ಎಂದಿಟ್ಟುಕೊಂಡರೆ ಎರಡೂ ಸಿಗುತ್ತವೆ. ಇಲ್ಲಿನ ನಾಯಕ ನಂದಿ ಮರ. ತೊಗಟೆ ಸುಲಿದು ನುಣ್ಣಗೆ, ಬೆಳ್ಳಗೆ ನಿಂತ ಕಾಂಡ, ತುದಿಯಲ್ಲಿ ತಾಮ್ರಬಣ್ಣದ ಎಲೆ. ಎಲೆಯೆಲ್ಲ ಉದುರಿದ ಮೇಲೂ ಬರೀ ಕಾಂಡಗಳ ಸಾಲು ನೋಡುವಂತಿರುತ್ತದೆ. 2020ರಿಂದ ಅಂಬಾರಿ ಹೊರುತ್ತಿರುವ ಅಭಿಮನ್ಯುವಿನ ಮತ್ತಿಗೋಡು ಶಿಬಿರ ರಸ್ತೆಯ ಪಕ್ಕದಲ್ಲೇ ಇದೆ. ಮಕ್ಕಳು ಜತೆಗಿದ್ದರೆ ಎಲೆಗಿಂತ ಅಲ್ಲೇ ಹೊತ್ತು ಹೋಗುತ್ತದೆ, ಅದಕ್ಕೂ ಸಮಯ ಇಟ್ಟುಕೊಳ್ಳಿ.

ಪಿರಿಯಾಪಟ್ಟಣದ ಬಗ್ಗೆ ಹೇಳಿದರೆ ಆ ಊರಿನವರು ಬೇಸರಪಟ್ಟುಕೊಳ್ಳಬಹುದು, ಆದರೂ ನಿಜ: ಕಾಡಂಚು ಬಿಟ್ಟರೆ ತಾಲ್ಲೂಕಿನ ಮಿಕ್ಕ ಭಾಗದಲ್ಲಿ ಎಲೆ ನೋಡಲು ವಿಶೇಷವಿಲ್ಲ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಹತ್ತಿದರೆ ನೋಟ ದೊಡ್ಡದು, ಮರ ಕಡಿಮೆ. ಬೈಲಕುಪ್ಪೆಯ ಟಿಬೆಟನ್ ಶಿಬಿರದಲ್ಲಿ ನೋಡಬೇಕಾದ್ದು ಬೇರೆಯೇ ಇದೆ. ಆದರೆ ಈ ತಾಲ್ಲೂಕಿಗೂ ಹುಣಸೂರಿಗೂ ತಮ್ಮದೇ ಆದ ಒಂದು ಹಳದಿ ಎಲೆ ಉಂಟು: ಹೊಗೆಸೊಪ್ಪು. ಮುಂಗಾರಿನಲ್ಲಿ ನೆಟ್ಟ ಗಿಡದಿಂದ ಜುಲೈ ಹೊತ್ತಿಗೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ನೇತುಹಾಕಿ ಬೇಯಿಸುತ್ತಾರೆ. ಕಾಡಿನ ಮರ ವಾರಗಟ್ಟಲೆ ಮಾಡುವ ಕೆಲಸವನ್ನು ಒಲೆಯ ಕಾವು ಕೆಲವೇ ದಿನಗಳಲ್ಲಿ ಮಾಡಿ ಮುಗಿಸುತ್ತದೆ. ಹಸಿರು ಹೋಗಿ ನಿಂಬೆ ಹಳದಿ, ಆಮೇಲೆ ಕಿತ್ತಳೆ. ಬಣ್ಣ ನೋಡಿಯೇ ದರ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ತಂಬಾಕು ಮಂಡಳಿ ಹರಾಜು ಕಟ್ಟೆಗಳಲ್ಲಿ ಬೇಲುಗಳು ಸಾಲಾಗಿ ಬಿಚ್ಚಿಕೊಂಡಿರುವುದು ಒಂದು ನೋಟವೇ. ಆ ಹಳದಿಗೆ ಉರಿಯುವ ಸೌದೆ ಎಷ್ಟು ಎಂದು ಯೋಚಿಸಿದರೆ ಮಾತ್ರ ಖುಷಿ ಅರ್ಧಕ್ಕೆ ಇಳಿಯುತ್ತದೆ.

ಕೆ.ಆರ್. ನಗರದ್ದು ಕಾಡಲ್ಲ, ಗದ್ದೆ. ಚಾಮರಾಜ ನಾಲೆಯ ಬಯಲಿನಲ್ಲಿ ಭತ್ತ ಹಣ್ಣಾಗುವುದು ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ. ಅಂದರೆ ನಾಲ್ಕು ತಾಲ್ಲೂಕುಗಳಲ್ಲಿ ಬಣ್ಣ ಮೊದಲು ಬರುವುದು ಇಲ್ಲಿಗೆ. ಸಂಜೆ ಬಿಸಿಲಿನಲ್ಲಿ ಕೊಯ್ಲಿಗೆ ಮುಂಚಿನ ಗದ್ದೆ ನೋಡಿ, ಮಾರನೆಯ ದಿನ ಚುಂಚನಕಟ್ಟೆಗೆ ಹೋಗಿ ಬರಬಹುದು. ಕಾವೇರಿ ಆಗ ಇನ್ನೂ ಧುಮುಕುತ್ತಿರುತ್ತದೆ. ಸಂಕ್ರಾಂತಿ ಸುಮಾರಿಗೆ ಅಲ್ಲಿ ದನಗಳ ಜಾತ್ರೆ ಕೂಡುತ್ತದೆ. ಅದು ಮುಗಿದ ಮೇಲೆ ಕಾಡಿನ ಕಡೆ ಹೊರಟರೆ ಹೊತ್ತು ಸರಿಹೋಗುತ್ತದೆ.

ಫೆಬ್ರುವರಿ ಕೊನೆಗೆ ಹಣ್ಣೆಲೆ ಮುಗಿದು ಕಾಡು ಬೋಳಾದಾಗ ಬಹಳ ಜನ ಇನ್ನೇನೂ ಇಲ್ಲ ಎಂದು ಸುಮ್ಮನಾಗುತ್ತಾರೆ. ನಿಜವಾದ ಕೆಂಪು ಶುರುವಾಗುವುದೇ ಆಗ. ಕೋಟೆ, ಸರಗೂರಿನ ಹೊಲದ ಬದುಗಳಲ್ಲಿ, ಕೆರೆ ಏರಿಗಳ ಮೇಲೆ ಮುತ್ತುಗ ಹೂ ಬಿಡುತ್ತದೆ. ಊಟದ ಎಲೆ ಹಚ್ಚಲು ಬೇಕಾದಾಗ ಮಾತ್ರ ನೆನಪಾಗುವ ಈ ಸೊಟ್ಟ ಸೊಟ್ಟ ಮರ ಎಲೆಯನ್ನೆಲ್ಲ ಕಳಚಿ ಕೊಂಬೆಯುದ್ದಕ್ಕೂ ಕಿತ್ತಳೆಗೆಂಪು ಹೊತ್ತು ನಿಲ್ಲುವುದು ಎರಡು ಮೂರು ವಾರ ಮಾತ್ರ. ಜತೆಗೆ ಬೂರುಗ, ಅದರ ಹೂ ದಪ್ಪ, ಗಾಢ ಕೆಂಪು, ಮರದ ತುಂಬ ಹಕ್ಕಿ. ಇವೆರಡಕ್ಕೂ ಕಾಡಿನೊಳಗೆ ಹೋಗಬೇಕಿಲ್ಲ, ಹಳ್ಳಿ ರಸ್ತೆಗಳಲ್ಲಿ ಬೈಕಿನ ಮೇಲೆ ಸುತ್ತಿದರೆ ಸಾಕು.

ಮಾರ್ಚ್ ನಡುವಿಗೆ ಸಾಗಡೆ ಮರ ಚಿಗುರುತ್ತದೆ. ಮೇಪಲ್‌ನ ಕೆಂಪಿಗೆ ಸರಿಸಾಟಿಯಾದದ್ದು ನಮ್ಮಲ್ಲಿ ಏನಾದರೂ ಇದ್ದರೆ ಅದು ಸಾಗಡೆಯ ಚಿಗುರು, ಹಣ್ಣೆಲೆಯಲ್ಲ. ದೂರದಿಂದ ಹೂವೆಂದೇ ಅನಿಸುತ್ತದೆ. ಅರಳಿಯ ತಾಮ್ರದ ಎಲೆ, ಮಾವಿನ ನೇರಳೆಗೆಂಪು, ಆಮೇಲೆ ಹೊಂಗೆಯ ಎಳೆ ಹಸಿರು ಯುಗಾದಿಯ ಹೊತ್ತಿಗೆ ಒಂದರ ಹಿಂದೊಂದು ಬರುತ್ತವೆ. ಎಳೆ ಎಲೆಗೆ ಕೆಂಪು ಕೊಡುವ ಬಣ್ಣ ಸುಡುವ ಬಿಸಿಲಿನಿಂದ ಅದನ್ನು ಕಾಯುತ್ತದೆ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಅದಕ್ಕಿಂತ ಸೋಜಿಗ, ನೆಲ ಬಿರುಕು ಬಿಟ್ಟಿರುವ ಕಾಲದಲ್ಲಿ, ಮಳೆಗೆ ಎಷ್ಟೋ ಮುಂಚೆ ಈ ಮರಗಳು ಚಿಗುರುವುದು. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈ ಕಾಡಿನಲ್ಲಿ ಕೆ.ಎಸ್. ಮುರಳಿ, ಆರ್. ಸುಕುಮಾರ್ ಇದನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದ್ದರು: ಮಳೆ ಬಿದ್ದರೆ ಎಲೆ ತಿನ್ನುವ ಹುಳುಗಳು ಹೆಚ್ಚುತ್ತವೆ, ಅದಕ್ಕೆ ಮುಂಚೆ ಚಿಗುರಿದ ಮರಗಳಿಗೆ ಹುಳುಗಳ ಕಾಟ ಕಡಿಮೆ. ಮಳೆ ಬರುವಷ್ಟರಲ್ಲಿ ಎಲೆ ಬಲಿತು ಒರಟಾಗಿರುತ್ತದೆ, ಅಷ್ಟೇ ಉಪಾಯ.

ಏಪ್ರಿಲ್, ಮೇನಲ್ಲಿ ಕಕ್ಕೆ ಹಳದಿ ಹೂ ಬಿಟ್ಟು ಜೋಲುತ್ತದೆ. ಅಷ್ಟು ಹೊತ್ತಿಗೆ ಸೆಕೆ ಹೆಚ್ಚು. ದಾರಿಯಲ್ಲಿ ಸಿಕ್ಕರೆ ನೋಡಿ, ಅದಕ್ಕಾಗಿಯೇ ಹೋಗುವಷ್ಟು ಮರಗಳು ಒಂದೇ ಕಡೆ ಇಲ್ಲ.

ಸಫಾರಿಯ ಬಗ್ಗೆ ಎರಡು ಮಾತು. ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯದ್ದೂ, ಕಾರಾಪುರದ ಜಂಗಲ್ ಲಾಡ್ಜಸ್‌ನವರದ್ದೂ ಇದೆ, ಬೆಳಿಗ್ಗೆ ಮತ್ತು ಮಧ್ಯಾಹ್ನ. ಎಲೆ ನೋಡಬೇಕೆಂದು ಸಫಾರಿ ಹತ್ತಿದರೆ ನಿರಾಶೆ ಖಂಡಿತ. ಹುಲಿ ಕಂಡಿತಂತೆ ಎಂದು ವೈರ್‌ಲೆಸ್‌ನಲ್ಲಿ ಸುದ್ದಿ ಬಂದರೆ ಜೀಪು ಓಡುತ್ತದೆ, ನಂದಿ ಮರಕ್ಕೆ ನಿಲ್ಲಿಸಿ ಎಂದರೆ ಜತೆಗಿರುವ ಹತ್ತು ಜನ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಹೋಗುವುದೇ ಆದರೆ ಮಧ್ಯಾಹ್ನದ್ದು ಆರಿಸಿಕೊಳ್ಳಿ, ಬೆಳಕು ಓರೆಯಾಗಿರುತ್ತದೆ. ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯೇ ಎಂದು ಕೇಳಿಕೊಳ್ಳುವುದು ಅಗತ್ಯ. ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತ್ತು. ಕಾಡಂಚಿನ ಊರುಗಳಲ್ಲಿ ಈಗ ಮುಂಜಾನೆ, ಮುಸ್ಸಂಜೆ ಹೊಲಕ್ಕೆ ಹೋಗಲೂ ಜನ ಅಂಜುತ್ತಾರೆ. ಊರವರು "ಆ ಕಡೆ ಹೋಗಬೇಡಿ ಸ್ವಾಮಿ" ಎಂದರೆ ಹೋಗಬೇಡಿ.

ಒಣಗಿದ ಕಾಡಿನ ಇನ್ನೊಂದು ಭಯ ಬೆಂಕಿ. ತರಗೆಲೆ ಮೊಣಕಾಲುದ್ದ ಬಿದ್ದಿರುವಾಗ ಒಂದು ಬೀಡಿ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಇದೇ ಹಣ್ಣೆಲೆಯ ಕಾಲದಲ್ಲಿ. ರಸ್ತೆಯ ಇಕ್ಕೆಲದಲ್ಲಿ ಕಪ್ಪಗೆ ಸುಟ್ಟ ಪಟ್ಟಿ ಕಂಡರೆ ಗಾಬರಿ ಬೇಡ, ಅದು ಬೆಂಕಿ ದಾಟದಿರಲೆಂದು ಇಲಾಖೆಯವರೇ ಮೊದಲೇ ಸುಟ್ಟ ಬೆಂಕಿರೇಖೆ. ಈ ತಿಂಗಳುಗಳಲ್ಲಿ ಚಾರಣಕ್ಕೆ ಅನುಮತಿ ಸಿಗುವುದಿಲ್ಲ. ತರಗೆಲೆ ರಾಶಿ ಹಾಕಿ ಮಕ್ಕಳನ್ನು ಮೇಲೆ ಕೂರಿಸಿ ಫೋಟೊ ತೆಗೆಯುವ ಆಸೆಯನ್ನೂ ಬಿಡಿ: ಒಣ ಎಲೆಯಲ್ಲಿ ಉಣ್ಣೆಗಳಿರುತ್ತವೆ. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದಲ್ಲೂ 2015ರಲ್ಲಿ ವಯನಾಡಿನಲ್ಲೂ ಕಾಣಿಸಿಕೊಂಡಿತ್ತು; ಎರಡೂ ಈ ಕಾಡಿಗೆ ನೆರೆಯವೇ. ಉದ್ದ ಪ್ಯಾಂಟು, ಕಾಲುಚೀಲ ಹಾಕಿಕೊಳ್ಳಿ, ಮನೆಗೆ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಡ್ರೋನ್ ತರಲೇಬೇಡಿ, ಹುಲಿ ಮೀಸಲು ಪ್ರದೇಶದಲ್ಲಿ ಹಾರಿಸಿದರೆ ಕೇಸು ಬೀಳುತ್ತದೆ.

ಕೋಟೆಯವರೆಗೆ ಹೋಗಲಾಗದವರು ತಮ್ಮ ಊರಿನ ಶಾಲೆಯ ಅಂಗಳದ ಬಾದಾಮಿ ಮರವನ್ನೇ ಜನವರಿ, ಫೆಬ್ರುವರಿಯಲ್ಲಿ ನೋಡಲಿ. ಮತ್ತಿಯ ಕುಲದ್ದೇ ಮರ. ಉದುರುವ ಮುಂಚೆ ಎಲೆ ರಕ್ತಗೆಂಪಾಗುವುದರಲ್ಲಿ ಕಾಡಿನ ತನ್ನ ದಾಯಾದಿಗಳನ್ನೆಲ್ಲ ಮೀರಿಸುತ್ತದೆ.

ಒಂದೇ ದಿನ ಇದೆ ಎನ್ನುವವರಿಗೆ ನನ್ನ ಸಲಹೆ ಹೀಗೆ. ಫೆಬ್ರುವರಿಯ ಯಾವುದಾದರೂ ವಾರದ ನಡುದಿನ ನಸುಕಿಗೇ ಮೈಸೂರು ಬಿಟ್ಟು ಎಂಟಕ್ಕೆ ಬೀಚನಹಳ್ಳಿ ಸೇರಿ. ಅಲ್ಲಿಂದ ಭೀಮನಕೊಲ್ಲಿ, ಬುತ್ತಿ ಕಟ್ಟಿಕೊಂಡು ಹೋಗಿದ್ದರೆ ಊಟ ಅಲ್ಲೇ. ಮಧ್ಯಾಹ್ನ ಹ್ಯಾಂಡ್‌ಪೋಸ್ಟ್‌ಗೆ ಬಂದು ಬಾವಲಿ ಕಡೆಯ ಬಸ್ಸು ಹಿಡಿಯಿರಿ. ಹೋಗುವ ಮುಂಚೆಯೇ ವಾಪಸ್ ಬಸ್ಸಿನ ಹೊತ್ತನ್ನು ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಬೇಕು. ಈ ರಸ್ತೆಯ ಕಾಡಿನ ಗೇಟು ಸಂಜೆ ಆರಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಬಾವಲಿಯಲ್ಲಿ ಚಾಯ ಕುಡಿಯುತ್ತಾ ಕೂತು ಹೊತ್ತು ಮೀರಿಸಿಕೊಂಡವರು ಮಾನಂದವಾಡಿಗೆ ಹೋಗಿ ರೂಮು ಹುಡುಕಬೇಕಾಗುತ್ತದೆ.